ಎರಡನೆಯವರ ಹೆಸರೇನು?

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಕನ್ನಡ ಸಂಘದ ಕ್ರೀಡಾ ಕ್ವಿಜ್ ನಡೆಯಿತಲ್ಲ, ಅವತ್ತು ಫೈನಲ್‌ನಲ್ಲಿ ಮೂರನೇ ಟೇಬಲ್‌ನಲ್ಲಿ ಕೂತಿದ್ದವರು ನಾವೇ ಮೂವರು. ಒಂದು ಪ್ರಶ್ನೆ ಬಂತು: "20ನೇ ಶತಮಾನದಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಆಡಿದ ಮೊದಲ ಕಪ್ಪು ಆಟಗಾರ ಯಾರು?" ಪ್ರಶ್ನೆ ಮುಗಿಯೋ ಮುಂಚೆಯೇ ಬಜರ್ ಒತ್ತಿದೆವು. ಜಾಕಿ ರಾಬಿನ್ಸನ್. ಹತ್ತು ಅಂಕ, ಚಪ್ಪಾಳೆ. ಅದರ ಹಿಂದೆಯೇ ಬೋನಸ್ ಪ್ರಶ್ನೆ: "ಎರಡನೆಯವರು?" ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪಾಸ್. ಪಕ್ಕದ ಟೇಬಲ್ ಪಾಸ್. ಅದರ ಪಕ್ಕದ್ದೂ ಪಾಸ್. ಪ್ರೇಕ್ಷಕರಿಗೆ ಬಿಟ್ಟರೂ ಯಾರೂ ಕೈ ಎತ್ತಲಿಲ್ಲ. ಕ್ವಿಜ್ ನಡೆಸುತ್ತಿದ್ದ ಸೀನಿಯರ್ "ಲ್ಯಾರಿ ಡೋಬಿ" ಅಂತ ಹೇಳಿ ಮುಂದಿನ ಸ್ಲೈಡ್‌ಗೆ ಹೋದರು. ಆ ಹೆಸರು ಪರದೆ ಮೇಲೆ ಇದ್ದದ್ದು ಐದು ಸೆಕೆಂಡ್ ಇರಬಹುದು.

ಕ್ವಿಜ್ ಸೋತೆವು, ಅದು ಬೇರೆ ಮಾತು. ಆದರೆ ಆ ಐದು ಸೆಕೆಂಡ್ ತಲೇಲಿ ಉಳಿದುಬಿಡ್ತು. ಹಾಸ್ಟೆಲ್‌ಗೆ ಬಂದು ಹುಡುಕೋಕೆ ಕೂತವರು ಎದ್ದಾಗ ರಾತ್ರಿ ಎರಡೂವರೆ. ಮಾರನೇ ದಿನ ಎಂಟು ಗಂಟೆಯ ಕ್ಲಾಸ್ ಏನಾಯಿತು ಅಂತ ಕೇಳಬೇಡಿ. ಅವತ್ತು ಓದಿದ್ದು, ಆಮೇಲೆ ಮೆಸ್‌ನಲ್ಲಿ ಜಗಳ ಆಡಿದ್ದು, ಕೊನೆಗೆ ಮೂವರೂ ಒಪ್ಪಿಕೊಂಡದ್ದು ಈ ಲೇಖನ. ನಾವು ಒಪ್ಪಿಕೊಂಡದ್ದು ಇಷ್ಟು: ಬರೀ "ಮೊದಲನೆಯವರು ಯಾರು" ಅಂತ ಕೇಳಿ ನಿಲ್ಲಿಸೋದು ಅರ್ಧ ಪ್ರಶ್ನೆ. ಬಾಗಿಲು ನಿಜವಾಗಿ ತೆರೆದಿದೆಯಾ ಅಂತ ಗೊತ್ತಾಗೋದು ಎರಡನೆಯವರು ಒಳಗೆ ಬಂದು ನಿಂತಾಗ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಮೊದಲು ನಾಲ್ಕು ಮಾತು. ಕ್ರಿಕೆಟ್ ಗೊತ್ತಿದ್ದರೆ ಅರ್ಧ ಗೊತ್ತಿದ್ದ ಹಾಗೆ. ಬೌಲರ್ ಜಾಗದಲ್ಲಿ ಪಿಚರ್ ಇರ್ತಾನೆ. ಬಾಲ್ ಬೇಲಿ ದಾಟಿದರೆ ಹೋಮ್ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ, ಆದರೆ ಸಿಕ್ಸರ್‌ಗಿಂತ ತುಂಬಾ ಅಪರೂಪ. ಮೂರು ಸ್ಟ್ರೈಕ್ ಆದರೆ ಔಟ್. ಬ್ಯಾಟಿಂಗ್ ಸರಾಸರಿಯನ್ನು .300 ಅಂತ ಬರೀತಾರೆ. ಅಂದರೆ ಹತ್ತು ಸಲ ಬ್ಯಾಟ್ ಹಿಡಿದು ನಿಂತರೆ ಮೂರು ಸಲ ಹಿಟ್. ಹತ್ತರಲ್ಲಿ ಏಳು ಸಲ ಫೇಲ್ ಆದವನು ಅಲ್ಲಿ ಟಾಪರ್! ನಮಗೆ ಆ ಆಟ ಇಷ್ಟ ಆಗೋಕೆ ಇದೊಂದೇ ಕಾರಣ ಸಾಕಿತ್ತು.

1940ರ ದಶಕದಲ್ಲಿ ಅಲ್ಲಿ ಎರಡು ದೊಡ್ಡ ಲೀಗ್‌ಗಳಿದ್ದವು, ನ್ಯಾಷನಲ್ ಲೀಗ್ ಮತ್ತು ಅಮೆರಿಕನ್ ಲೀಗ್. ಒಂದೊಂದರಲ್ಲಿ ಎಂಟು ತಂಡ, ಒಟ್ಟು ಹದಿನಾರು. ಹದಿನಾರು ತಂಡದಲ್ಲೂ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ನಿಯಮ ಪುಸ್ತಕದಲ್ಲಿ ಹಾಗಂತ ಎಲ್ಲೂ ಬರೆದಿರಲಿಲ್ಲ. ಮಾಲೀಕರು ಬರೆಯದೇ ಪಾಲಿಸ್ತಿದ್ದ ಒಪ್ಪಂದ ಅದು. ಕಪ್ಪು ಆಟಗಾರರು ತಮ್ಮದೇ ನೀಗ್ರೋ ಲೀಗ್‌ಗಳಲ್ಲಿ ಆಡುತ್ತಿದ್ದರು. ಆಗ ಅವುಗಳ ಅಧಿಕೃತ ಹೆಸರೇ ಅದು.

ಇನ್ನೊಂದು ವಿಷಯ ನಮ್ಮನ್ನು ಬೆಚ್ಚಿಬೀಳಿಸಿತು. ಕ್ವಿಜ್ ಪ್ರಶ್ನೆಯಲ್ಲಿ "20ನೇ ಶತಮಾನದಲ್ಲಿ" ಅನ್ನೋ ಪದ ಸುಮ್ಮನೆ ಇರಲಿಲ್ಲ. 1884ರಲ್ಲೇ ಮೋಸೆಸ್ ಫ್ಲೀಟ್‌ವುಡ್ ವಾಕರ್ ಅನ್ನೋ ಕಪ್ಪು ಆಟಗಾರ ಟೊಲೀಡೊ ತಂಡದ ಪರವಾಗಿ ಆಗಿನ ಒಂದು ಮೇಜರ್ ಲೀಗ್‌ನಲ್ಲಿ ಆಡಿದ್ದರು. ಅದೇ ವರ್ಷ ಅದೇ ತಂಡಕ್ಕೆ ಕೆಲವೇ ಆಟಗಳಲ್ಲಿ ಅವರ ತಮ್ಮ ವೆಲ್ಡಿ ಕೂಡ ಆಡಿದರು. ಒಂದೇ ತಂಡ, ಒಂದೇ ಮನೆ. ಬೇರೆ ತಂಡಗಳು ಹಿಂದೆ ಬರಲಿಲ್ಲ. ಬಾಗಿಲು ಮುಚ್ಚಿತು. ಮತ್ತೆ ತೆರೆಯೋಕೆ 63 ವರ್ಷ ಬೇಕಾಯಿತು. ಅಂದರೆ ಮೊದಲನೆಯವರು ಬಂದ ಮಾತ್ರಕ್ಕೆ ಏನೂ ಗ್ಯಾರಂಟಿ ಇಲ್ಲ. ಹಿಂದೆ ಯಾರೂ ಬರದಿದ್ದರೆ ಅವರ ಹೆಸರೂ ಮರೆತು ಹೋಗುತ್ತೆ, ಬಾಗಿಲೂ ಮುಚ್ಚಿಕೊಳ್ಳುತ್ತೆ.

ಈಗ ಡೋಬಿ ವಿಷಯಕ್ಕೆ ಬರೋಣ. ಲಾರೆನ್ಸ್ ಯೂಜೀನ್ ಡೋಬಿ ಹುಟ್ಟಿದ್ದು 1923ರ ಡಿಸೆಂಬರ್ 13ರಂದು, ಸೌತ್ ಕ್ಯಾರೊಲಿನಾದ ಕ್ಯಾಮ್ಡೆನ್‌ನಲ್ಲಿ. ಬೆಳೆದದ್ದು ಉತ್ತರದ ನ್ಯೂಜೆರ್ಸಿಯ ಪ್ಯಾಟರ್ಸನ್ ಊರಲ್ಲಿ. ಹೈಸ್ಕೂಲ್‌ನಲ್ಲಿ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್ ಎಲ್ಲದರಲ್ಲೂ ಮುಂದು. 1942ರಲ್ಲಿ, ಇನ್ನೂ ಹದಿನೆಂಟು ವರ್ಷ, ನೀಗ್ರೋ ಲೀಗ್‌ನ ನ್ಯೂಆರ್ಕ್ ಈಗಲ್ಸ್ ತಂಡ ಸೇರಿದರು. ಇದು ನ್ಯೂಯಾರ್ಕ್ ಅಲ್ಲ, ನ್ಯೂಜೆರ್ಸಿಯ ನ್ಯೂಆರ್ಕ್. ಕಾಲೇಜಿನಲ್ಲಿ ಆಡೋ ಅವಕಾಶ ಕೈತಪ್ಪಬಾರದು ಅಂತ ಲ್ಯಾರಿ ವಾಕರ್ ಅನ್ನೋ ಸುಳ್ಳು ಹೆಸರಲ್ಲಿ ಆಡುತ್ತಿದ್ದರು. ಆಮೇಲೆ ಮಹಾಯುದ್ಧ. ನೌಕಾಪಡೆಗೆ ಸೇರಿ ಪೆಸಿಫಿಕ್ ಸಾಗರದ ಉಲಿಥಿ ದ್ವೀಪದವರೆಗೂ ಹೋದರು. ಬ್ರೂಕ್ಲಿನ್ ಡಾಡ್ಜರ್ಸ್‌ನವರು ಜಾಕಿ ರಾಬಿನ್ಸನ್ ಜೊತೆ ಒಪ್ಪಂದ ಮಾಡಿಕೊಂಡ ಸುದ್ದಿ 1945ರಲ್ಲಿ ಅವರಿಗೆ ತಲುಪಿದ್ದು ಆ ದ್ವೀಪದಲ್ಲಿ.

1946ರಲ್ಲಿ ವಾಪಸ್ ಬಂದು ಈಗಲ್ಸ್ ಪರ ಆಡಿದರು. ಆ ವರ್ಷ ಈಗಲ್ಸ್ ತಂಡ ಏಳು ಆಟಗಳ ಫೈನಲ್‌ನಲ್ಲಿ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡವನ್ನು ಸೋಲಿಸಿ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದಿತು. ಆ ತಂಡವನ್ನು ಗಂಡನ ಜೊತೆ ಸೇರಿ ನಡೆಸುತ್ತಿದ್ದವರು ಎಫಾ ಮ್ಯಾನ್ಲಿ. ಈ ಹೆಸರು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತೆ.

1947ರ ಏಪ್ರಿಲ್ 15ರಂದು ರಾಬಿನ್ಸನ್ ಬ್ರೂಕ್ಲಿನ್ ಪರ ಮೈದಾನಕ್ಕೆ ಇಳಿದರು. ಅವರದು ನ್ಯಾಷನಲ್ ಲೀಗ್. ಅಮೆರಿಕನ್ ಲೀಗ್‌ನ ಎಂಟು ತಂಡಗಳು ಸುಮ್ಮನೆ ನೋಡುತ್ತಾ ಕೂತಿದ್ದವು. ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಬಿಲ್ ವೀಕ್ ಮಾತ್ರ ಕಾಯಲಿಲ್ಲ. (ಆಗ ಆ ತಂಡದ ಹೆಸರು ಇಂಡಿಯನ್ಸ್. ನಮಗೂ ಅದಕ್ಕೂ ಸಂಬಂಧ ಇಲ್ಲ, ಅಲ್ಲಿನ ಮೂಲನಿವಾಸಿಗಳನ್ನು ಕರೆಯುತ್ತಿದ್ದ ಹೆಸರು. ಈಗ ಬದಲಾಯಿಸಿ ಗಾರ್ಡಿಯನ್ಸ್ ಅಂತ ಮಾಡಿದ್ದಾರೆ.) ವೀಕ್ ನ್ಯೂಆರ್ಕ್ ತಂಡಕ್ಕೆ ಹಣ ಕೊಟ್ಟು ಡೋಬಿಯನ್ನು ಕರೆಸಿಕೊಂಡರು. ಜುಲೈ 4ರಂದು ಡೋಬಿ ನ್ಯೂಆರ್ಕ್ ಪರ ಆಡಿದರು. ರಾತ್ರಿ ರೈಲು ಹತ್ತಿದರು. ಜುಲೈ 5ರಂದು ಷಿಕಾಗೋದ ಕೊಮಿಸ್ಕಿ ಪಾರ್ಕ್‌ನಲ್ಲಿ ಕ್ಲೀವ್‌ಲ್ಯಾಂಡ್ ಸಮವಸ್ತ್ರ ಹಾಕಿದರು. ರಾಬಿನ್ಸನ್ ಬಂದು ಸರಿಯಾಗಿ 81 ದಿನ.

ಇಲ್ಲಿ ನಾವು ಜಗಳ ಆಡಿದ ಮೊದಲ ಪಾಯಿಂಟ್. ನಮ್ಮಲ್ಲಿ ಒಬ್ಬ ಹೇಳಿದ: "ರಾಬಿನ್ಸನ್ ದಾರಿ ಮಾಡಿದ ಮೇಲೆ ಡೋಬಿಗೆ ಏನು ಕಷ್ಟ? ಹಿಂದೆ ನಡೆದರೆ ಆಯಿತಪ್ಪ." ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಲೆಕ್ಕ ಹಾಕಿ ನೋಡಿ. ಆ ಕಾಲದಲ್ಲಿ ಎರಡು ಲೀಗ್‌ಗಳ ತಂಡಗಳು ಸೀಸನ್ ಪೂರ್ತಿ ಒಬ್ಬರ ವಿರುದ್ಧ ಒಬ್ಬರು ಆಡುತ್ತಲೇ ಇರಲಿಲ್ಲ. ಪಂದ್ಯಾವಳಿಯಾಗಿ ಸೇರುತ್ತಿದ್ದದ್ದು ವರ್ಷದ ಕೊನೆಯ ವರ್ಲ್ಡ್ ಸೀರೀಸ್‌ನಲ್ಲಿ, ಅದೂ ಎರಡೇ ತಂಡ. ಹಾಗಾಗಿ ರಾಬಿನ್ಸನ್ ಎದುರಿಸಿದ ಪಿಚರ್‌ಗಳೇ ಬೇರೆ, ಡೋಬಿ ಎದುರಿಸಿದವರೇ ಬೇರೆ. ಸೇಂಟ್ ಲೂಯಿಸ್ ಮತ್ತು ಫಿಲಡೆಲ್ಫಿಯಾದಲ್ಲಿ ಮಾತ್ರ ಎರಡೂ ಲೀಗ್‌ಗೆ ಒಂದೇ ಮೈದಾನ. ಮಿಕ್ಕ ಆರು ಮೈದಾನಗಳಲ್ಲಿ ಕೆಲವು ಕಡೆ ಮೇಜರ್ ಲೀಗ್ ಸಮವಸ್ತ್ರದಲ್ಲಿ ಒಬ್ಬ ಕಪ್ಪು ಆಟಗಾರನನ್ನು ಜನ ಮೊದಲ ಸಲ ನೋಡಿದ್ದು ಡೋಬಿಯನ್ನೇ. ಅಲ್ಲೆಲ್ಲ ಅವರು ಎರಡನೆಯವರಲ್ಲ, ಮೊದಲನೆಯವರೇ. ಬಿರುದು ಮಾತ್ರ ಸಿಗಲಿಲ್ಲ.

ಇನ್ನೂ ಇದೆ. ರಾಬಿನ್ಸನ್‌ಗೆ 28 ವರ್ಷ ವಯಸ್ಸು. ಬ್ರೂಕ್ಲಿನ್‌ಗೆ ಬರೋ ಮೊದಲು 1946ರಲ್ಲಿ ಒಂದು ಪೂರ್ತಿ ಸೀಸನ್ ಮಾಂಟ್ರಿಯಲ್‌ನ ಕೆಳಗಿನ ದರ್ಜೆಯ ತಂಡದಲ್ಲಿ ಆಡಿ ತಯಾರಾಗಿದ್ದರು. ಡೋಬಿಗೆ 23. ಒಂದು ದಿನದ ತಯಾರಿಯೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಬ್ಬರಿಗೆ ಇಂಟರ್ನಲ್ಸ್ ಆದ ಮೇಲೆ ಫೈನಲ್ ಎಕ್ಸಾಮ್, ಇನ್ನೊಬ್ಬರಿಗೆ ಅಡ್ಮಿಶನ್ ಆದ ಮಾರನೇ ದಿನವೇ ಫೈನಲ್ ಎಕ್ಸಾಮ್.

ಆ ಜುಲೈ 5ರ ಮಧ್ಯಾಹ್ನ ಏನಾಯಿತು ಅಂತ ಓದಿದಾಗ ನಾವು ಮೂವರೂ ಸ್ವಲ್ಪ ಹೊತ್ತು ಸುಮ್ಮನಾದೆವು. ತಂಡದ ಆಟಗಾರ ಮತ್ತು ಮ್ಯಾನೇಜರ್ ಎರಡೂ ಆಗಿದ್ದ ಲೂ ಬೂಡ್ರೊ ಲಾಕರ್ ರೂಮಿನಲ್ಲಿ ಡೋಬಿಯನ್ನು ಒಬ್ಬೊಬ್ಬರ ಹತ್ತಿರ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದರು. ಹೆಚ್ಚಿನವರು ಕೈ ಕೊಟ್ಟರು, ಕೆಲವರು ಕೊಡಲಿಲ್ಲ. ಆಮೇಲೆ ಮೈದಾನದಲ್ಲಿ ಎಲ್ಲರೂ ಇಬ್ಬಿಬ್ಬರಾಗಿ ಬಾಲ್ ಎಸೆದು ಹಿಡಿಯೋ ಅಭ್ಯಾಸ ಶುರು ಮಾಡಿದರು. ಡೋಬಿ ಜೊತೆಗೆ ಯಾರೂ ಇಲ್ಲ. ಗ್ಲೌಸ್ ಹಾಕಿಕೊಂಡು ಒಬ್ಬರೇ ನಿಂತಿದ್ದರು. ಎರಡನೇ ಬೇಸ್‌ನ ಆಟಗಾರ ಜೋ ಗಾರ್ಡನ್ ಅದನ್ನು ನೋಡಿ ಹತ್ತಿರ ಬಂದು ತನ್ನ ಜೊತೆ ಬಾಲ್ ಎಸೆಯೋಕೆ ಕರೆದರು. ಡೋಬಿಯ ಜಾಗವೂ ಎರಡನೇ ಬೇಸೇ ಅನ್ನೋದನ್ನು ಗಮನಿಸಿ. ಅಂದರೆ ತನ್ನ ಸೀಟಿಗೆ ಪೈಪೋಟಿ ಕೊಡಬಹುದಾದ ಹೊಸಬನನ್ನು ಕರೆದದ್ದು ಗಾರ್ಡನ್. ಡೋಬಿ ಇದನ್ನು ಕೊನೆವರೆಗೂ ನೆನೆಸಿಕೊಳ್ಳುತ್ತಿದ್ದರು.

ಅವತ್ತು ಏಳನೇ ಇನಿಂಗ್ಸ್‌ನಲ್ಲಿ ಬೇರೆಯವರ ಬದಲಿಗೆ ಬ್ಯಾಟ್ ಹಿಡಿಯೋಕೆ ಡೋಬಿಯನ್ನು ಕಳಿಸಿದರು. ಸ್ಟ್ರೈಕ್ ಔಟ್. ಆ ವರ್ಷ ಒಟ್ಟು 29 ಆಟ, 32 ಸಲ ಬ್ಯಾಟಿಂಗ್, ಬರೀ 5 ಹಿಟ್. ಸರಾಸರಿ .156. ಅವರಿಗೆ ಗೊತ್ತಿದ್ದ ಜಾಗಗಳಲ್ಲಿ ಗಾರ್ಡನ್ ಮತ್ತು ಬೂಡ್ರೊ ಇದ್ದದ್ದರಿಂದ ಹೆಚ್ಚಿನ ದಿನ ಬೆಂಚ್ ಮೇಲೆಯೇ ಕೂರಬೇಕಾಯಿತು.

ಇಲ್ಲಿಗೆ ಕಥೆ ನಿಂತಿದ್ದರೆ? ಇದೇನು ಸುಮ್ಮನೆ ಕೇಳೋ ಪ್ರಶ್ನೆ ಅಲ್ಲ. ಅದೇ ಜುಲೈನಲ್ಲಿ ಸೇಂಟ್ ಲೂಯಿಸ್ ಬ್ರೌನ್ಸ್ ತಂಡ ಹ್ಯಾಂಕ್ ಥಾಮ್ಸನ್, ವಿಲ್ಲರ್ಡ್ ಬ್ರೌನ್ ಅನ್ನೋ ಇಬ್ಬರು ಕಪ್ಪು ಆಟಗಾರರನ್ನು ತೆಗೆದುಕೊಂಡು ಆಗಸ್ಟ್‌ನಲ್ಲೇ ಮನೆಗೆ ಕಳಿಸಿಬಿಟ್ಟಿತು. ಡೋಬಿಯನ್ನೂ ಕಳಿಸಿದ್ದರೆ ಅಮೆರಿಕನ್ ಲೀಗ್‌ನ ಮಾಲೀಕರು ಏನನ್ನುತ್ತಿದ್ದರು ಅಂತ ಊಹಿಸೋದು ಕಷ್ಟ ಅಲ್ಲ. "ನೋಡಿ, ನಾವೂ ಪ್ರಯತ್ನ ಮಾಡಿದ್ವಿ. ರಾಬಿನ್ಸನ್ ಏನೋ ಸ್ಪೆಷಲ್ ಕೇಸ್, ಉಳಿದವರಿಗೆ ಆಗಲ್ಲ."

ಎಂಜಿನಿಯರಿಂಗ್ ಓದೋ ನಮಗೆ ಇದು ಬೇಗ ಅರ್ಥ ಆಗಬೇಕು. ಲ್ಯಾಬ್‌ನಲ್ಲಿ ಒಂದೇ ರೀಡಿಂಗ್ ಬರೆದು ರೆಕಾರ್ಡ್ ಸಬ್ಮಿಟ್ ಮಾಡಿ ನೋಡಿ, ಸಹಿ ಬೀಳುತ್ತಾ? ಗ್ರಾಫ್ ಹಾಳೆ ಮೇಲೆ ಒಂದು ಚುಕ್ಕೆ ಇಟ್ಟರೆ ಅದರ ಮೂಲಕ ಯಾವ ಕಡೆಗೆ ಬೇಕಾದರೂ ಗೆರೆ ಎಳೆಯಬಹುದು. ಎರಡನೇ ಚುಕ್ಕೆ ಬಿದ್ದ ಮೇಲೆಯೇ ಗೆರೆ ಒಂದು ದಿಕ್ಕು ಹಿಡಿಯೋದು. ರಾಬಿನ್ಸನ್ ಒಬ್ಬರೇ ಇದ್ದಾಗ "ಅಪವಾದ" ಅನ್ನಬಹುದಿತ್ತು. ಬೇರೆ ಲೀಗ್, ಬೇರೆ ಊರು, ಬೇರೆ ಮಾಲೀಕ, ಬೇರೆ ಸ್ವಭಾವದ ಇನ್ನೊಬ್ಬ ಮನುಷ್ಯ ಅದನ್ನೇ ಮಾಡಿ ತೋರಿಸಿದ ಮೇಲೆ ಹಾಗನ್ನೋಕೆ ಆಗಲಿಲ್ಲ. ಹಾಗಾಗಿ ಡೋಬಿ ಮೇಲೆ ಇದ್ದ ಒತ್ತಡ ರಾಬಿನ್ಸನ್ ಮೇಲಿದ್ದದ್ದಕ್ಕಿಂತ ಕಡಿಮೆ ಏನಲ್ಲ, ಬೇರೆ ರೀತಿಯದು. ಪತ್ರಕರ್ತರ ಕಣ್ಣು ಬ್ರೂಕ್ಲಿನ್ ಕಡೆ ಇತ್ತು. ಇವರು ಬೈಸಿಕೊಂಡಾಗ ನೋಡೋಕೆ ಅಷ್ಟು ಜನ ಇರಲಿಲ್ಲ.

ಬೈಗುಳ ಮಾತ್ರ ಅಲ್ಲ. ಒಮ್ಮೆ ಎರಡನೇ ಬೇಸ್‌ಗೆ ಜಾರಿ ಬಂದಾಗ ಎದುರಾಳಿ ತಂಡದ ಆಟಗಾರನೊಬ್ಬ ಮುಖಕ್ಕೆ ತಂಬಾಕಿನ ಎಂಜಲು ಉಗುಳಿದ ಅಂತ ಡೋಬಿ ಆಮೇಲೆ ಹೇಳಿದ್ದಾರೆ. 1948ರಲ್ಲಿ ತಂಡದ ತರಬೇತಿ ಅರಿಜೋನಾದ ಟ್ಯೂಸಾನ್‌ನಲ್ಲಿ ನಡೆಯಿತು. ತಂಡ ಇಳಿದುಕೊಂಡ ಹೋಟೆಲ್ ಇವರಿಗೆ ರೂಮ್ ಕೊಡಲಿಲ್ಲ. ಊರಿನ ಒಂದು ಕಪ್ಪು ಕುಟುಂಬದ ಮನೆಯಲ್ಲಿ ಉಳಿದರು. ಬೆಳಿಗ್ಗೆ ಎಲ್ಲರ ಜೊತೆ ಆಡಿ, ಸಂಜೆ ಒಬ್ಬರೇ ಬೇರೆ ದಿಕ್ಕಿಗೆ ಹೋಗೋದು. ನಾವು ಹಾಸ್ಟೆಲ್‌ನಲ್ಲಿ ಇರೋರು. ಪ್ರಾಕ್ಟೀಸ್ ಮುಗಿದ ಮೇಲಿನ ಹರಟೆಯೇ ತಂಡವನ್ನು ತಂಡ ಮಾಡೋದು ಅಂತ ನಮಗೆ ಗೊತ್ತು. ಅದೇ ಅವರಿಗೆ ಇರಲಿಲ್ಲ.

ಆ ತರಬೇತಿಯಲ್ಲಿ ಅವರು ಹೊಸದಾಗಿ ಔಟ್‌ಫೀಲ್ಡ್ ಆಡೋದು ಕಲಿತರು. ಆಡಿಯೇ ಇಲ್ಲದ ಜಾಗ. ಆ ಸೀಸನ್‌ನಲ್ಲಿ .301 ಸರಾಸರಿ, 14 ಹೋಮ್ ರನ್. .156ರಿಂದ .301ಕ್ಕೆ ಒಂದೇ ವರ್ಷದಲ್ಲಿ! ಜುಲೈನಲ್ಲಿ ನೀಗ್ರೋ ಲೀಗ್‌ನ ದಂತಕಥೆ ಪಿಚರ್ ಸ್ಯಾಚಲ್ ಪೇಜ್ 42ನೇ ವಯಸ್ಸಿನಲ್ಲಿ ತಂಡ ಸೇರಿದರು. ಕ್ಲೀವ್‌ಲ್ಯಾಂಡ್ ವರ್ಲ್ಡ್ ಸೀರೀಸ್‌ಗೆ ಹೋಯಿತು. ಎದುರಿಗೆ ಬಾಸ್ಟನ್ ಬ್ರೇವ್ಸ್. ಅಕ್ಟೋಬರ್ 9ರ ನಾಲ್ಕನೇ ಆಟ, ಕ್ಲೀವ್‌ಲ್ಯಾಂಡ್‌ನಲ್ಲಿ 81,897 ಜನ. ಡೋಬಿ ಹೊಡೆದ ಹೋಮ್ ರನ್ ನಿರ್ಣಾಯಕ ಆಯಿತು, ತಂಡ 2-1ರಿಂದ ಗೆದ್ದಿತು. ವರ್ಲ್ಡ್ ಸೀರೀಸ್‌ನಲ್ಲಿ ಕಪ್ಪು ಆಟಗಾರನೊಬ್ಬ ಹೊಡೆದ ಮೊದಲ ಹೋಮ್ ರನ್ ಅದು. ಎರಡು ಆಟ ಆದ ಮೇಲೆ ಕ್ಲೀವ್‌ಲ್ಯಾಂಡ್ ಚಾಂಪಿಯನ್ ಆಯಿತು. ಆ ಊರಿನ ತಂಡ ಅದಾದ ಮೇಲೆ ಇವತ್ತಿನವರೆಗೂ ವರ್ಲ್ಡ್ ಸೀರೀಸ್ ಗೆದ್ದಿಲ್ಲ.

ನಾಲ್ಕನೇ ಆಟ ಮುಗಿದ ಮೇಲೆ ತೆಗೆದ ಒಂದು ಫೋಟೋ ಇದೆ. ಸಾಧ್ಯ ಆದರೆ ಹುಡುಕಿ ನೋಡಿ. ಅವತ್ತಿನ ಪಿಚರ್ ಸ್ಟೀವ್ ಗ್ರೊಮೆಕ್, ಬಿಳಿಯ, ಡೋಬಿಯನ್ನು ತಬ್ಬಿಕೊಂಡಿದ್ದಾರೆ. ಕೆನ್ನೆಗೆ ಕೆನ್ನೆ ತಾಗಿದೆ, ಇಬ್ಬರೂ ಬಾಯಿ ತುಂಬ ನಗ್ತಿದ್ದಾರೆ. ಪೋಸ್ ಕೊಟ್ಟ ಹಾಗೆ ಇಲ್ಲ, ಗೆದ್ದ ಖುಷಿ ಅಷ್ಟೇ. 1948ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಅಂಥ ಫೋಟೋ ಬರೋದು ಸಣ್ಣ ವಿಷಯ ಆಗಿರಲಿಲ್ಲ. ಹದಿನೈದು ತಿಂಗಳ ಹಿಂದೆ ಇದೇ ತಂಡದ ಲಾಕರ್ ರೂಮಿನಲ್ಲಿ ಕೆಲವರು ಕೈ ಕೂಡ ಕೊಟ್ಟಿರಲಿಲ್ಲ.

ಮುಂದಿನ ಅಂಕಿಗಳನ್ನು ಬೇಗ ಹೇಳಿಬಿಡ್ತೀವಿ. 1949ರಿಂದ 1955ರವರೆಗೆ ಸತತ ಏಳು ವರ್ಷ ಆಲ್-ಸ್ಟಾರ್ ತಂಡದಲ್ಲಿ ಸ್ಥಾನ. 1952ರಲ್ಲಿ 32 ಹೋಮ್ ರನ್, ಲೀಗ್‌ಗೇ ಹೆಚ್ಚು. 1954ರಲ್ಲಿ ಮತ್ತೆ 32, ಮತ್ತೆ ಲೀಗ್‌ಗೇ ಹೆಚ್ಚು. ಆ ವರ್ಷ ಅವರ ಬ್ಯಾಟ್‌ನಿಂದ ತಂಡಕ್ಕೆ ಬಂದ ರನ್ 126, ಅದರಲ್ಲೂ ಅವರೇ ಮೊದಲು. ಕ್ಲೀವ್‌ಲ್ಯಾಂಡ್ 154 ಆಟಗಳಲ್ಲಿ 111 ಗೆದ್ದಿತು. ಆದರೆ ಆ ವರ್ಷದ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ ಹೋದದ್ದು ನ್ಯೂಯಾರ್ಕ್ ಯಾಂಕೀಸ್‌ನ ಯೋಗಿ ಬೆರಾಗೆ. ಡೋಬಿ? ಮತದಾನದಲ್ಲಿ ಎರಡನೆಯವರು. ಅಮೆರಿಕನ್ ಲೀಗ್‌ನಲ್ಲಿ ಒಟ್ಟು 1,533 ಆಟ, 253 ಹೋಮ್ ರನ್, .283 ಸರಾಸರಿ. ನ್ಯೂಆರ್ಕ್‌ನಲ್ಲಿ ಆಡಿದ ವರ್ಷಗಳು ಇದರಲ್ಲಿ ಸೇರಿಲ್ಲ. ನೀಗ್ರೋ ಲೀಗ್‌ಗಳಿಗೂ ಮೇಜರ್ ಲೀಗ್ ಸ್ಥಾನ ಇದೆ ಅಂತ ಅಲ್ಲಿನ ಬೇಸ್‌ಬಾಲ್ ಆಡಳಿತ ಒಪ್ಪಿಕೊಂಡದ್ದು 2020ರ ಡಿಸೆಂಬರ್‌ನಲ್ಲಿ.

ಈ ವೃತ್ತಿಜೀವನ ಮುಗಿದ ರೀತಿ ನೋಡಿ. ಬಾಗಿಲು ತೆರೆದದ್ದು 1947ರಲ್ಲಿ ಅಂತೀವಿ. ಹದಿನಾರು ತಂಡಗಳಲ್ಲಿ ಕೊನೆಯದಾಗಿ ಕಪ್ಪು ಆಟಗಾರನನ್ನು ಕಣಕ್ಕಿಳಿಸಿದ್ದು ಬಾಸ್ಟನ್ ರೆಡ್ ಸಾಕ್ಸ್. ಆ ಆಟಗಾರ ಪಂಪ್ಸಿ ಗ್ರೀನ್. ದಿನಾಂಕ 1959ರ ಜುಲೈ 21. ಜಾಗ ಷಿಕಾಗೋದ ಕೊಮಿಸ್ಕಿ ಪಾರ್ಕ್, ಡೋಬಿ ಮೊದಲ ಸಲ ಸ್ಟ್ರೈಕ್ ಔಟ್ ಆದ ಅದೇ ಮೈದಾನ. ಡೋಬಿ ತಮ್ಮ ಕೊನೆಯ ಮೇಜರ್ ಲೀಗ್ ಆಟ ಆಡಿದ್ದು 1959ರ ಜುಲೈ 26ರಂದು. ಐದು ದಿನದ ಅಂತರ! ಒಬ್ಬ ಮನುಷ್ಯನ ಪೂರ್ತಿ ವೃತ್ತಿಜೀವನ, 23ನೇ ವಯಸ್ಸಿನಿಂದ 35ನೇ ವಯಸ್ಸಿನವರೆಗೆ, ಒಂದು ಬಾಗಿಲು ಪೂರ್ತಿ ತೆರೆಯೋದರಲ್ಲೇ ಕಳೆದುಹೋಯಿತು. "1947ರಲ್ಲಿ ಬೇಸ್‌ಬಾಲ್‌ನಲ್ಲಿ ವರ್ಣಭೇದ ಮುಗಿಯಿತು" ಅನ್ನೋ ಒಂದು ಸಾಲಿನ ಉತ್ತರ ಮುಚ್ಚಿಡೋದು ಈ ಹನ್ನೆರಡು ವರ್ಷಗಳನ್ನೇ.

ಆಮೇಲೂ ವಿಧಿ ಅವರನ್ನು ಬಿಡಲಿಲ್ಲ. 1974ರಲ್ಲಿ ಡೋಬಿ ಕ್ಲೀವ್‌ಲ್ಯಾಂಡ್‌ನಲ್ಲೇ ಕೋಚ್ ಆಗಿದ್ದರು. ಮೇಜರ್ ಲೀಗ್‌ನ ಮೊದಲ ಕಪ್ಪು ಮ್ಯಾನೇಜರ್ ಅನ್ನೋ ಹೆಸರು 1975ರಲ್ಲಿ ಅದೇ ಕ್ಲೀವ್‌ಲ್ಯಾಂಡ್ ತಂಡದಲ್ಲಿ ಫ್ರಾಂಕ್ ರಾಬಿನ್ಸನ್‌ಗೆ ಸಿಕ್ಕಿತು. ಮತ್ತೊಬ್ಬ ರಾಬಿನ್ಸನ್! 1978ರಲ್ಲಿ ಷಿಕಾಗೋ ವೈಟ್ ಸಾಕ್ಸ್ ಮಾಲೀಕರಾಗಿದ್ದ ಅದೇ ಬಿಲ್ ವೀಕ್ ಸೀಸನ್ ನಡುವೆ ಡೋಬಿಯನ್ನು ಮ್ಯಾನೇಜರ್ ಮಾಡಿದರು. ಎರಡನೇ ಕಪ್ಪು ಮ್ಯಾನೇಜರ್. 37 ಗೆಲುವು, 50 ಸೋಲು. ಸೀಸನ್ ಮುಗಿದ ಮೇಲೆ ಕೆಲಸ ಹೋಯಿತು. ರಾಬಿನ್ಸನ್ 1962ರಲ್ಲಿ ಹಾಲ್ ಆಫ್ ಫೇಮ್ ಸೇರಿದ್ದರು. ಡೋಬಿ ಸೇರಿದ್ದು 1998ರಲ್ಲಿ, 74ನೇ ವಯಸ್ಸಿನಲ್ಲಿ. 2003ರ ಜೂನ್ 18ರಂದು ತೀರಿಕೊಂಡರು. ಅಮೆರಿಕದ ಸಂಸತ್ತಿನ ಚಿನ್ನದ ಪದಕವನ್ನು ಅವರ ಹೆಸರಿನಲ್ಲಿ ಕೊಟ್ಟದ್ದು 2023ರ ಡಿಸೆಂಬರ್ 13ರಂದು. ಅವತ್ತು ಅವರಿಗೆ ನೂರು ತುಂಬುತ್ತಿತ್ತು.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದಾದ ಎರಡು ಪ್ರಶ್ನೆ ಇವೆ. ನಾವೇ ನಮ್ಮೊಳಗೆ ಕೇಳಿಕೊಂಡದ್ದು.

ಒಂದು, ಇದು ರಾಬಿನ್ಸನ್ ಅವರನ್ನು ಕೆಳಗಿಳಿಸಿದ ಹಾಗಲ್ವಾ? ಅಲ್ಲ. ಅವರ 42ನೇ ನಂಬರನ್ನು 1997ರಲ್ಲಿ ಎಲ್ಲ ತಂಡಗಳೂ ನಿವೃತ್ತಿ ಮಾಡಿದವು. ಈಗ ಪ್ರತಿ ಏಪ್ರಿಲ್ 15ರಂದು ಎಲ್ಲ ಆಟಗಾರರೂ 42 ಹಾಕಿಕೊಂಡು ಆಡ್ತಾರೆ. ಅದರಲ್ಲಿ ಒಂದು ಚೂರೂ ಹೆಚ್ಚಾಗಿಲ್ಲ. 1947ರಲ್ಲಿ ಅವರಿಬ್ಬರೂ ಫೋನ್‌ನಲ್ಲಿ ಮಾತಾಡಿಕೊಂಡು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುತ್ತಿದ್ದರು. ಅವರ ನಡುವೆ ಇಲ್ಲದ ಪೈಪೋಟಿಯನ್ನು ನಾವು ಯಾಕೆ ಹುಟ್ಟಿಸಬೇಕು? ನಮ್ಮ ಮಾತು ಇಷ್ಟೇ: ಮೊದಲನೆಯವರಿಗೆ ಕೊಡೋ ಗೌರವ ಪೂರ್ತಿ ಆಗೋದು ಅವರ ಹಿಂದೆ ಬಂದವರನ್ನೂ ನೋಡಿದಾಗ.

ಎರಡು, ಹಾಗಾದರೆ ಮೂರನೆಯವರು, ನಾಲ್ಕನೆಯವರು? ಎಷ್ಟು ಅಂತ ಬಾಯಿಪಾಠ ಮಾಡೋದು? ಬಾಯಿಪಾಠ ಮಾಡೋಕೆ ನಾವು ಹೇಳ್ತಿಲ್ಲ, ಸೆಮಿಸ್ಟರ್‌ಗೆ ಇರೋದೇ ಸಾಕು. ಕೇಳೋ ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸೋಣ ಅಂತಿದೀವಿ. "ಮೊದಲು ಯಾರು?" ಅಂತ ಕೇಳಿದ ಮೇಲೆ "ಆಮೇಲೆ ಎಷ್ಟು ದಿನಕ್ಕೆ ಇನ್ನೊಬ್ಬರು ಬಂದರು?" ಅಂತಲೂ ಕೇಳೋಣ. ಅಮೆರಿಕನ್ ಲೀಗ್‌ಗೆ 81 ದಿನ. ಬಾಸ್ಟನ್ ರೆಡ್ ಸಾಕ್ಸ್‌ಗೆ ಹನ್ನೆರಡು ವರ್ಷ ಮೂರು ತಿಂಗಳು. ಎರಡೂ ತಂಡಗಳ ಮನಸ್ಥಿತಿ ಈ ಎರಡು ಸಂಖ್ಯೆಯಲ್ಲೇ ಗೊತ್ತಾಗುತ್ತೆ. ಇನ್ನು ಎಫಾ ಮ್ಯಾನ್ಲಿ, ನೆನಪಿದೆಯಲ್ಲ? 2006ರಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಸೇರಿದ ಮೊದಲ ಮಹಿಳೆ ಅವರು. ಎರಡನೆಯವರು ಯಾರು? ಇನ್ನೂ ಯಾರೂ ಇಲ್ಲ. "ಮೊದಲ ಮಹಿಳೆ" ಅಂತ ಓದಿದಾಗ ಖುಷಿ ಆಗುತ್ತೆ. "ಒಬ್ಬರೇ ಮಹಿಳೆ" ಅಂತ ಓದಿದಾಗ ಅದೇ ವಿಷಯ ಬೇರೆ ಥರ ಕಾಣುತ್ತೆ.

ಈಗ ನಮ್ಮದೇ ಒಂದು ವಿಷಯ. ಹೇಳೋದಾ ಬೇಡವಾ ಅಂತ ಒಂದು ವಾರ ಯೋಚನೆ ಮಾಡಿದೆವು. ನಮ್ಮಲ್ಲಿ ಇಬ್ಬರು ಕಾಲೇಜಿನ ರೇಸಿಂಗ್ ಕಾರ್ ಕಟ್ಟೋ ತಂಡದಲ್ಲಿ ಇದ್ದೀವಿ. ಎರಡು ವರ್ಷದ ಹಿಂದೆ ಆ ತಂಡದ ವರ್ಕ್‌ಶಾಪ್‌ಗೆ ಮೊದಲ ಸಲ ಒಬ್ಬ ಹುಡುಗಿ ಸೇರಿದ್ದರು. ಪೋಸ್ಟರ್ ಬಂತು, ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೋ ಬಂತು, ವಾರ್ಷಿಕೋತ್ಸವದಲ್ಲಿ ವೇದಿಕೆ ಮೇಲಿಂದ ಹೆಸರು ಹೇಳಿದರು. ಅವರು ಪಾಸ್ ಆಗಿ ಹೋದರು. ಈ ವರ್ಷ ಎರಡನೆಯವರು ಬಂದರು, ನಮಗಿಂತ ಒಂದು ವರ್ಷ ಜೂನಿಯರ್. ಪೋಸ್ಟರ್ ಇಲ್ಲ, ಫೋಟೋ ಇಲ್ಲ. ಅದು ಹೋಗಲಿ. ಮೊದಲ ಮೂರು ವಾರ ನಾವೆಲ್ಲ ಚಾಸಿ ಸುತ್ತ ಬಗ್ಗಿ ಕೆಲಸ ಮಾಡ್ತಿದ್ವಿ, ಅವಳು ಪಕ್ಕದಲ್ಲಿ ನಿಂತು ನೋಡ್ತಿದ್ದಳು. ಯಾರೂ ಬೈಯಲಿಲ್ಲ, ಯಾರೂ ಬೇಡ ಅನ್ನಲಿಲ್ಲ. ಯಾರೂ ಕೈಗೆ ಸ್ಪ್ಯಾನರ್ ಕೂಡ ಕೊಡಲಿಲ್ಲ. ಬಿಲ್ ಮತ್ತು ಪಾರ್ಟ್ಸ್ ಲಿಸ್ಟ್ ಬರೆಯೋ ಕೆಲಸ ಮಾತ್ರ ತಾನಾಗಿಯೇ ಅವಳಿಗೆ ಬಂತು. ವರ್ಕ್‌ಶಾಪ್ ಹತ್ತಿರ ಹುಡುಗಿಯರಿಗೆ ಟಾಯ್ಲೆಟ್ ಇಲ್ಲ, ಮೇನ್ ಬ್ಲಾಕ್‌ವರೆಗೆ ಹೋಗಿ ಬರಬೇಕು. ಮೊದಲನೆಯವರು ಇದ್ದಾಗಲೂ ಇರಲಿಲ್ಲ. "ನಮ್ಮಲ್ಲಿ ಹುಡುಗಿಯರಿಗೂ ಅವಕಾಶ ಇದೆ" ಅಂತ ಪೋಸ್ಟರ್ ಹಾಕಿದವರಲ್ಲಿ ನಾವೂ ಇದ್ದೆವು. ಬೀಗದ ಕೈ ಕೇಳಿದವರಲ್ಲಿ, ಅರ್ಜಿ ಬರೆದವರಲ್ಲಿ ನಾವು ಇರಲಿಲ್ಲ.

ಡೋಬಿ ಬಗ್ಗೆ ಓದುವಾಗ ಲಾಕರ್ ರೂಮಿನಲ್ಲಿ ಕೈ ಕೊಡದವರ ಮೇಲೆ ನಮಗೆ ಸಿಟ್ಟು ಬಂದಿತ್ತು. ಆಮೇಲೆ ಹೊಳೆಯಿತು, ಮೈದಾನದಲ್ಲಿ ಡೋಬಿ ಒಬ್ಬರೇ ನಿಂತಿದ್ದಾಗ ಕೈ ಕೊಟ್ಟವರೂ ಅಲ್ಲೇ ಇದ್ದರಲ್ಲ! ಅವರು ಏನೂ ಕೆಟ್ಟದ್ದು ಮಾಡಲಿಲ್ಲ, ತಮ್ಮ ಪಾಡಿಗೆ ತಾವು ಬಾಲ್ ಎಸೆಯುತ್ತಿದ್ದರು. ನಾವು ಆ ಗುಂಪಿನವರು. ಅವತ್ತು ಬೇಕಾಗಿದ್ದದ್ದು ಭಾಷಣ ಅಲ್ಲ, ಗ್ಲೌಸ್ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ಬರೋ ಒಬ್ಬ ಜೋ ಗಾರ್ಡನ್.

ಹೋದ ಶನಿವಾರ ಗೇರ್‌ಬಾಕ್ಸ್ ಬಿಚ್ಚಬೇಕಿತ್ತು. ಅವಳನ್ನು ಕರೆದು ಬಾಕ್ಸ್ ಸ್ಪ್ಯಾನರ್ ಕೊಟ್ಟು ಪಕ್ಕಕ್ಕೆ ಸರಿದು ನಿಂತೆವು. ನಮಗಿಂತ ನೀಟಾಗಿ ಬಿಚ್ಚಿದಳು ಅಂತ ಬರೆದರೆ ಕಥೆ ಚೆನ್ನಾಗಿರುತ್ತೆ, ಆದರೆ ಒಂದು ಬೋಲ್ಟ್ ತಲೆ ಸವೆಸಿಬಿಟ್ಟಳು. ನಾವೂ ಮೊದಲ ವರ್ಷ ಎರಡು ಸವೆಸಿದ್ವಿ. ಟಾಯ್ಲೆಟ್ ಅರ್ಜಿಗೆ ಇವತ್ತಿನವರೆಗೆ 31 ಸಹಿ ಆಗಿದೆ. ಹಾಳೆ ನಮ್ಮ ಹತ್ತಿರ ಇದೆ, ಸಂಘದ ರೂಮಿಗೆ ಬಂದರೆ ಸಿಗುತ್ತೆ.

ಮುಂದಿನ ಕ್ವಿಜ್‌ಗೆ ಪ್ರಶ್ನೆ ತಯಾರು ಮಾಡೋ ಸರದಿ ನಮ್ಮದು. ಎಲ್ಲ "ಮೊದಲ" ಪ್ರಶ್ನೆಗೂ ಒಂದು ಬೋನಸ್ ಇರುತ್ತೆ. ಈಗಲೇ ಹೇಳಿದ್ದೀವಿ, ಆಮೇಲೆ ಪಾಸ್ ಅನ್ನಬೇಡಿ.